ಆ ಬದಿಯಿಂದ ಹತ್ತುವವರು

"ಏ ಬೇವರ್ಸಿಗಳಾ, ಆ ಬದಿಗೆ ಹೋಗ್ರೋ! ಪ್ಲಾಟ್‌ಫಾರಂ ಏನು ನಿಮ್ಮಪ್ಪ ಕಟ್ಸಿದ್ದಾ?"

ಇದು ವಾಸಪ್ಪಗೌಡರ ಸುಪ್ರಭಾತ. ಕಾನಕೊಪ್ಪದಲ್ಲಿ ಬೆಳಗಿನ ಏಳರ ರೈಲಿಗೆ ಬಂದವರು ಇದನ್ನು ಕೇಳಿಯೇ ದಿನ ಶುರುಮಾಡಬೇಕು. ಪ್ಲಾಟ್‌ಫಾರಂ ಎಂದರೆ ಕಲ್ಲಿನ ಅಂಚು ಕಟ್ಟಿದ ಒಂದು ಮಣ್ಣಿನ ದಿಬ್ಬ, ಅಷ್ಟೆ. ಅದಕ್ಕೆ ಮಣ್ಣು ಹೊತ್ತದ್ದು ನಮ್ಮ ಕೇರಿಯ ಹಿರಿಯರು. ಅದರ ಮೇಲೆ ನಿಲ್ಲುವವರು ಗೌಡರು ಮತ್ತು ಅವರಂಥ ಎಂಟು ಜನ. ನಾವು ಹಳಿ ದಾಟಿ ಆಚೆ ಜಲ್ಲಿಯ ಮೇಲೆ ನಿಂತು, ರೈಲು ಬಂದ ಮೇಲೆ ಆ ಬದಿಯ ಬಾಗಿಲಿಗೆ ಜೋತುಬಿದ್ದು ಹತ್ತಬೇಕು. ಮೆಟ್ಟಿಲು ಎದೆಯೆತ್ತರ. ಹೆಂಗಸರು ಹತ್ತುವಾಗ ಗಂಡಸರು ಕಾಡಿನ ಕಡೆ ಮುಖ ತಿರುಗಿಸಿ ನಿಲ್ಲುತ್ತಿದ್ದೆವು. ಮುಂದಿನ ಡಬ್ಬಿ ಅವರಿಗೆ, ಹಿಂದಿನದು ನಮಗೆ. ಎಂಜಿನ್ ಮಾತ್ರ ಒಂದೇ. ಅದನ್ನು ಹೇಗೆ ಪಾಲು ಮಾಡುವುದೆಂದು ಗೌಡರಿಗೆ ಇನ್ನೂ ಹೊಳೆದಿರಲಿಲ್ಲ.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದಾಗ ಇದೇ ರೈಲಿಗೆ ಆರು ಡಬ್ಬಿ. ಆದರೂ ಕಾಲಿಡಲು ಜಾಗವಿರಲಿಲ್ಲ. ಅಣೆಕಟ್ಟು ಮುಗಿಯಿತು, ಜನ ಗಂಟುಮೂಟೆ ಕಟ್ಟಿದರು, ಡಬ್ಬಿ ಎರಡಕ್ಕಿಳಿಯಿತು. ಈಗ ಅದೂ ನಿಲ್ಲುತ್ತದೆ ಎಂದು ತಾಳಗುಪ್ಪದಿಂದ ಸುದ್ದಿ ಬಂತು. ರೈಲ್ವೆಯ ಸಾಹೇಬರೊಬ್ಬರು ಒಂದು ಬೆಳಿಗ್ಗೆ ರೈಲಿನಿಂದಿಳಿದು, ಪ್ಲಾಟ್‌ಫಾರಂ ಮೇಲೆ ನಿಂತು ತಲೆ ಎಣಿಸಿಕೊಂಡು ಹೋಗಿದ್ದರು. ಕಾನಕೊಪ್ಪದಲ್ಲಿ ಹತ್ತುವವರು ಒಂಬತ್ತು ಜನ ಎಂದು ಬರೆದುಕೊಂಡರಂತೆ. ರೈಲಿನ ಮರೆಗೆ ಆಚೆ ಬದಿಯಲ್ಲಿ ಜೋತಾಡುತ್ತಿದ್ದ ಮೂವತ್ತೆರಡು ಜನ ಅವರ ಕಣ್ಣಿಗೆ ಬೀಳಲಿಲ್ಲ. ನಾವು ಟಿಕೆಟ್ ಕೊಳ್ಳುವುದು ಸಾಗರದಲ್ಲಿ ಇಳಿದ ಮೇಲೆ. ಅಲ್ಲಿಯೂ ಯಾರೂ ನಮ್ಮ ಊರು ಯಾವುದೆಂದು ಕೇಳುವುದಿಲ್ಲ.

ರೈಲು ಹೋದರೆ ನಮ್ಮ ಕೇರಿಯ ಬೆಳ್ಳಮ್ಮನಿಗೆ ಸಾಗರದ ಹೆಂಚಿನ ಕಾರ್ಖಾನೆಯ ಕೆಲಸವೂ ಹೋದಂತೆ. ಮತ್ತೆ ಗೌಡರ ಕೊಟ್ಟಿಗೆಯೇ ಗತಿ. ಅಲ್ಲಿ ಅವಳು ಹದಿನಾಲ್ಕು ವರ್ಷ ಸಗಣಿ ಬಾಚಿದ್ದಾಳೆ, ಬಸಿರಿದ್ದಾಗ ಗೌಡರಿಂದ ಒದೆ ತಿಂದಿದ್ದಾಳೆ. ಅವಳದು ಮಾತ್ರವಲ್ಲ, ನನ್ನ ಪಾಡೂ ಅದೇ. ನಾನೂ ಅದೇ ಕಾರ್ಖಾನೆಯಲ್ಲಿ ಮಣ್ಣು ತುಳಿಯುವವನು.

ರೈಲು ನಿಂತರೆ ಆಳುಗಳು ಮರಳಿ ಬಾಗಿಲಿಗೆ ಬರುತ್ತಾರೆಂದು ಗೌಡರು ಮೊದಲು ಹಿಗ್ಗಿದರು. ಆಮೇಲೆ ಕೋರ್ಟು ನೆನಪಾಯಿತು. ಅಣ್ಣನ ಮೇಲೆ ಹೂಡಿದ ದಾವೆ ಸಾಗರದಲ್ಲಿ ಹನ್ನೊಂದು ವರ್ಷದಿಂದ ನಡೆಯುತ್ತಿತ್ತು. ಗೌಡರು ಊಟ ಬಿಟ್ಟಾರು, ವಾಯಿದೆ ಬಿಟ್ಟಾರೇ? ಅರ್ಜಿ ಬರೆಸಿ, ಓಡಾಡಿ, ಇನ್ನೊಮ್ಮೆ ಎಣಿಸಲು ಒಪ್ಪಿಸಿದರು. ಮೂವತ್ತು ತಲೆ ಸಿಕ್ಕರೆ ರೈಲು ಉಳಿಯುತ್ತದೆ, ಇನ್ನೊಂದು ಡಬ್ಬಿ ಸೇರಿದರೂ ಸೇರಬಹುದು ಎಂದರಂತೆ ಸಾಹೇಬರು.

ಎಣಿಕೆಯ ಹಿಂದಿನ ದಿನ ಸಂಜೆ ಗೌಡರು ನಮ್ಮ ಕೇರಿಯ ತುದಿಗೆ ಬಂದು ನಿಂತರು.

"ನಾಳೆ ಎಲ್ರೂ ಪ್ಲಾಟ್‌ಫಾರಂ ಹತ್ತಿ ನಿಲ್ರೋ. ಸಾಹೇಬ್ರು ಎಣಿಸ್ಕಳ್ಲಿ."

"ನಾಳೆಗೊಂದೇಯಾ ಒಡೆಯಾ?" ಎಂದ ನಮ್ಮವನೇ ಆದ ಜಟ್ಟಪ್ಪ.

"ಮತ್ತೆ? ನಾಡ್ದಿಂದ ನಿಮ್ಮ ಜಾಗ ನಿಮಗೆ."

"ಮೈಲಿಗೆ ಆಗಲ್ವಾ?" ಬೆಳ್ಳಮ್ಮ ಕೇಳಿದಳು.

"ಮನೆಗ್ಹೋಗಿ ಮೀಯ್ತೀನಿ. ನಿಂಗ್ಯಾಕೆ ಅದು, ಹಲ್ಕಟ್ ಮುಂಡೆ!"

"ಹಂಗಾರೆ ಬಿಸಿನೀರು ಕಾಯ್ಸಕೆ ಹೇಳೇ ಬನ್ನಿ ಒಡೆಯಾ. ಚಳಿ ಜೋರದೆ."

ಮಾರನೆಯ ಬೆಳಿಗ್ಗೆ ನಾವು ದಿಬ್ಬ ಹತ್ತಿದೆವು. ಕಾರ್ಖಾನೆಯ ಗೇಟು ಕಾಯುವ ಮುದುಕ ಕನ್ನಪ್ಪಜ್ಜ ಹತ್ತಿದವನೇ ಕಾಲಿನಿಂದ ನೆಲ ಒತ್ತಿ ಒತ್ತಿ ನೋಡಿದ. ಗೌಡರು ಹೆಗಲ ಶಾಲನ್ನು ಮೈಗೆ ಬಿಗಿಯಾಗಿ ಸುತ್ತಿಕೊಂಡು ತುದಿಯಲ್ಲಿ ನಿಂತರು. ಸಾಹೇಬರು ಎಣಿಸಿದರು. ಮತ್ತೆ ಎಣಿಸಿದರು. ಹುಬ್ಬು ಗಂಟಿಕ್ಕಿತು.

"ಹೋದ ಸಲ ಒಂಬತ್ತು, ಈಗ ನಲವತ್ತೊಂದು. ಏನ್ರೀ ಗೌಡ್ರೇ, ನಿಮ್ಮ ಗದ್ದೆ ಆಳುಗಳನ್ನ ಹೊಡ್ಕೊಂಡು ಬಂದು ನಿಲ್ಲಿಸಿದ್ದೀರಾ?"

"ಇಲ್ಲ ಸ್ವಾಮಿ, ದಿನಾ ಹೋಗೋರೇ."

"ಅವತ್ತು ಎಲ್ಲಿದ್ರು ಮತ್ತೆ?"

ಗೌಡರು ಕೆಮ್ಮಿದರು. "ಅವತ್ತು... ಜ್ವರ ಬಂದಿತ್ತು."

"ಮೂವತ್ತೆರಡು ಜನಕ್ಕೂ?"

ಯಾರೋ ಕಿಸಕ್ಕೆಂದರು. ಸಾಹೇಬರು ಪುಸ್ತಕ ಮುಚ್ಚಿದರು. "ಸುಳ್ಳು ಲೆಕ್ಕ ನಾನು ಬರೆಯೋದಿಲ್ಲ. ಒಂಬತ್ತೇ ಇರ್ಲಿ."

ಗೌಡರ ಮುಖ ಬಿಳಿಚಿತು. "ಏ ಬೆಳ್ಳೀ, ಹೇಳೇ! ದಿನಾ ಹೋಗ್ತೀನಿ ಅಂತ ಹೇಳೇ!"

ಸಾಹೇಬರು ಅವಳ ಕಡೆ ತಿರುಗಿದರು. "ಎಲ್ಲಿದ್ದೆಯಮ್ಮ ಅವತ್ತು?"

ಬೆಳ್ಳಮ್ಮ ನನ್ನ ಪಕ್ಕದಲ್ಲೇ ಇದ್ದಳು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

"ನಿಲ್ಲೋ ಜಾಗ ತೋರ್ಸಿದ್ದು ಒಡೇರು. ಅವ್ರನ್ನೇ ಕೇಳಿ ಸ್ವಾಮಿ," ಎಂದಳು.

"ಹೇಳ್ಬಿಡೇ ಮಾರಾಯ್ತಿ," ಜಟ್ಟಪ್ಪ ಪಿಸುಗುಟ್ಟಿದ. "ಅನ್ನ ಹೋಗ್ತದೆ!"

"ಅವ್ರು ಹೇಳ್ಲಿ."

ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಗೌಡ ಬಾಯಿ ಬಿಡುವವನಲ್ಲ, ಇವಳ ಹಟಕ್ಕೆ ನಾವೆಲ್ಲ ಮತ್ತೆ ಆ ಕೊಟ್ಟಿಗೆಗೆ ಬೀಳುತ್ತೇವೆ ಎಂದುಕೊಂಡೆ. ರೈಲು ಬಂದು ನಿಂತಿತು. ಯಾರೂ ಹತ್ತಲಿಲ್ಲ. ಸಾಹೇಬರು ಪೆನ್ನನ್ನು ಕಿಸೆಗೆ ಸಿಕ್ಕಿಸಿ ಬಾಗಿಲ ಕಡೆ ಹೆಜ್ಜೆಯಿಟ್ಟರು.

"ಸ್ವಾಮೀ," ಎಂದರು ಗೌಡರು. ಆಮೇಲೆ ಶಾಲಿನೊಳಗೇ ಹೇಳಿದರು: "ಅವ್ರು ಆ ಬದಿಯಿಂದ ಹತ್ತೋರು. ಜಲ್ಲಿ ಮೇಲೆ ನಿಂತು."

"ಯಾಕೆ?"

"ನಾನು... ನಾನೇ ಇಲ್ಲಿಗೆ ಹತ್ತಿಸ್ತಿರ್ಲಿಲ್ಲ."

ಸಾಹೇಬರು ಅವರನ್ನೇ ನೋಡಿದರು. ಪುಸ್ತಕ ಬಿಚ್ಚಿದರು. "ನಲವತ್ತೊಂದು ಅಂತ ಬರ್ಕೊಳ್ತೀನಿ. ಆದ್ರೆ ನಾಳೆಯಿಂದ ಒಬ್ಬರೂ ಆ ಬದಿಯಿಂದ ಹತ್ತಕೂಡದು. ಹತ್ತಿದ್ದು ಕಂಡ್ರೆ ಈ ಲೆಕ್ಕ ನಾನೇ ಹರಿದು ಹಾಕ್ತೀನಿ."

ಗೌಡರು ಬೇಗ ಬೇಗ ಮುಂದಿನ ಡಬ್ಬಿಯತ್ತ ನಡೆದರು. ಬೆಳ್ಳಮ್ಮ ಅವರ ದಾರಿಗೆ ಅಡ್ಡ ಬಂದು ನಿಂತಳು.

"ಒಡೆಯಾ, ಆ ಮಾತು ಇನ್ನೊಂದ್ಸಲ ಸ್ವಲ್ಪ ಗಟ್ಟಿಯಾಗಿ ಹೇಳಿ," ಎಂದಳು. "ನಮ್ಮ ಕನ್ನಪ್ಪಜ್ಜಂಗೆ ಕಿವಿ ಮಂದ."