ತಗಡು ಕಿತ್ತ ಕೋಣೆ

ಅಕ್ರಾ ನಗರದ ಅಂಚಿನ ಟೆಶಿಯಲ್ಲಿ, ಕಡಲ ಕಡೆಗಿನ ಓಣಿಯ ವಠಾರದಲ್ಲಿ ಮುದುಕಿ ಬೊರ್ಲೆಯ ಪಾಲಿಗೆ ಬಂದದ್ದು ಎರಡು ಕೋಣೆ. ಉಳಿದ ನಾಲ್ಕು, ಸತ್ತ ಗಂಡನ ತಮ್ಮಂದಿರವು. ಒಂದರಲ್ಲಿ ತಾನಿದ್ದು, ಪಕ್ಕದ್ದನ್ನು ಕೆಂಕಿ, ಅಂದರೆ ಮುಸುಕಿನ ಜೋಳದ ಹಿಟ್ಟಿನ ಉಂಡೆ, ಮಾರುವ ಅಮಾನುವಾಳಿಗೆ ಬಾಡಿಗೆಗೆ ಕೊಟ್ಟಿದ್ದಳು. ಅಲ್ಲಿಯ ಪದ್ಧತಿಯಂತೆ ಎರಡು ವರ್ಷದ ಬಾಡಿಗೆ ಒಂದೇ ಕಂತಿನಲ್ಲಿ ಮುಂಗಡ. ಆ ದುಡ್ಡು ಕಕ್ಕಸಿನ ಗುಂಡಿ ಕಟ್ಟಿಸುವುದರಲ್ಲೇ ಕರಗಿಹೋಯಿತು. ಆಮೇಲೆ ಶುರುವಾಯಿತು ನೋಡಿ ಬೆಲೆಗಳ ಕುಣಿತ. ಸಿಮೆಂಟು ಎರಡರಷ್ಟಾಯಿತು, ಗುಂಡಿ ಬರಿದು ಮಾಡುವ ಲಾರಿಯವನು ಮೂರರಷ್ಟು ಕೇಳಿದ. ಎಲ್ಲ ಏರಿದರೂ ಅಮಾನುವಾಳ ಬಾಡಿಗೆ ಮಾತ್ರ ಇದ್ದಲ್ಲೇ ಇತ್ತು, ಇನ್ನೂ ಹನ್ನೊಂದು ತಿಂಗಳು ಹಾಗೇ ಇರಬೇಕಿತ್ತು.

ಬ್ಯಾಂಕಿನ ಗುಮಾಸ್ತನೊಬ್ಬ ಅದೇ ಕೋಣೆಗೆ ಮೂರು ಪಟ್ಟು ಕೊಡುತ್ತೇನೆ, ತಿಂಗಳೊಳಗೆ ಖಾಲಿ ಮಾಡಿಸಿ ಎಂದು ಹೇಳಿಹೋದ ದಿನದಿಂದ ಬೊರ್ಲೆಗೆ ಅನ್ನ ರುಚಿಸಲಿಲ್ಲ. ಮೊದಲು ಇನ್ನಷ್ಟು ಕೊಡು ಎಂದಳು. ಅಮಾನುವಾ ಒಪ್ಪಲಿಲ್ಲ. ಆಮೇಲೆ ಬೊರ್ಲೆ, ನನ್ನ ಮಗಳು ಇಟಲಿಯಿಂದ ಬರುತ್ತಾಳೆ, ಕೋಣೆ ಬೇಕು ಎಂದಳು. ಬೊರ್ಲೆಗೆ ಇರುವುದು ಒಬ್ಬನೇ ಮಗ ಎಂಬುದು ಓಣಿಗೆಲ್ಲ ಗೊತ್ತಿತ್ತು. ಕೊನೆಗೆ ಕೆಂಕಿ ಕೊಳ್ಳುವವರ ಸಾಲಿನ ಮುಂದೆಯೇ ಜಗಳ ತೆಗೆದಳು.

"ನಿನ್ ಉಂಡೆ ವಾರವಾರಕ್ಕೂ ಸಣ್ಣಗಾಗ್ತಿದೆ, ರೇಟ್ ಏರ್ತಾನೇ ಇದೆ. ನನ್ ಕೋಣೆ ಏನಾದ್ರೂ ಚಿಕ್ಕದಾಗಿದ್ಯೇನೇ?"

"ಜೋಳ ನಾನು ದಿನಾ ತರ್ತೀನಿ ಆಂಟಿ, ದಿನಾ ಹೊಸ ರೇಟು," ಎಂದಳು ಅಮಾನುವಾ, ಜೋಳದ ಸಿಪ್ಪೆ ಬಿಡಿಸುತ್ತಲೇ. "ನೀವು ಎರಡು ವರ್ಷದ್ದು ಒಂದೇ ಸಲ ಎಣಿಸ್ಕೊಂಡ್ರಲ್ಲ. ಅವತ್ತು ನಗ್ತಿದ್ರಿ. ಈಗ್ಲೂ ನಗಿ."

ಸಾಲಿನಲ್ಲಿದ್ದವರು ನಕ್ಕರು. ಮಾರನೆಯ ಬೆಳಿಗ್ಗೆಯೇ ಬೊರ್ಲೆ ರಿಪೇರಿ ಎಂದು ಸಾರಿ, ಬಡಗಿಯನ್ನು ಏಣಿ ಹತ್ತಿಸಿ, ಅಮಾನುವಾಳ ತಲೆಯ ಮೇಲಿನ ಎಂಟು ತಗಡುಗಳನ್ನೂ ಕೀಳಿಸಿದಳು. ಬಾಡಿಗೆಯವರನ್ನು ಓಡಿಸಲು ಆ ಕಡೆ ಇದು ಹಳೆಯ ಉಪಾಯ. ಇವಳು ಹೋಗುತ್ತಾಳೆ, ಗುಮಾಸ್ತ ಬರುತ್ತಾನೆ, ತಗಡು ಮತ್ತೆ ಮೇಲೇರುತ್ತದೆ ಎಂಬುದು ಅವಳ ಲೆಕ್ಕ.

ಅಮಾನುವಾ ಹೋಗಲಿಲ್ಲ. ಮಂಚವನ್ನು ಜಗಲಿಗೆ ಎಳೆದಳು. ಅಂಗಳದಲ್ಲಿದ್ದ ಕೆಂಕಿಯ ಹಂಡೆಯನ್ನು ಕೋಣೆಯೊಳಗೆ ಸಾಗಿಸಿ ಸೌದೆ ಒಟ್ಟಿದಳು. ಆಂಟಿ ಒಳ್ಳೆಯ ಅಡುಗೆಮನೆ ಮಾಡಿಸಿಕೊಟ್ಟರು ಎಂದು ಹೋಗುವವರಿಗೆ ಬರುವವರಿಗೆ ಹೇಳಿದಳು. ನಡುಗೋಡೆ ಮಾಡಿನವರೆಗೆ ಮುಟ್ಟುತ್ತಿರಲಿಲ್ಲವಾಗಿ ಹೊಗೆಯ ಅರ್ಧ ಪಾಲು ಬೊರ್ಲೆಯ ಹಾಸಿಗೆಗೇ ಇಳಿಯುತ್ತಿತ್ತು. ಮುದುಕಿ ಕೆಮ್ಮಿದಾಗಲೆಲ್ಲ ಅಮಾನುವಾ ಇನ್ನೊಂದು ಕೊರಡು ಒಲೆಗೆ ನೂಕುತ್ತಿದ್ದಳು.

ಮೂರು ವಾರ ಹೀಗೇ ಸೆಣಸಾಡಿದರು. ಗುಮಾಸ್ತ ಕಾದು ಸಾಕಾಗಿ ಬೇರೆ ಕಡೆ ಮನೆ ಹಿಡಿದ. ಆಮೇಲೆ ಮೇ ತಿಂಗಳ ಮಳೆ ಬಂತು.

ಆ ನಡುಗೋಡೆ ಮಣ್ಣಿನದು. ಮೇಲೆ ತೆಳ್ಳಗೆ ಸಿಮೆಂಟು ಬಳಿದದ್ದು ಅಷ್ಟೆ. ಮೊದಲ ಮಳೆಗೆ ಗಾರೆ ಉದುರಿತು, ಎರಡನೆಯದಕ್ಕೆ ಮಣ್ಣು ಕರಗತೊಡಗಿತು. ಗೋಡೆ ಬಿದ್ದರೆ ಬೀಳುವುದು ತನ್ನ ಹಾಸಿಗೆಯ ಮೇಲೇ ಎಂಬುದು ಬೊರ್ಲೆಗೆ ಆಗ ಹೊಳೆಯಿತು. ಮೂಗು ಕೊಯ್ದುಕೊಂಡು ಅಪಶಕುನ ಮಾಡಲು ಹೊರಟವಳಿಗೆ ನೋವು ಗೊತ್ತಾದದ್ದು ತಡವಾಗಿಯೇ. ಬಡಗಿಯನ್ನು ಕರೆಸಿದರೆ ಅವನು ತಗಡೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಕಡಲ ಉಪ್ಪುಗಾಳಿ ತಿಂದ ತಗಡು ಮೊಳೆ ಕಿತ್ತಲ್ಲೆಲ್ಲ ಹರಿದುಹೋಗಿತ್ತು. ಇದು ಅಗಿದು ಉಗಿದ ಕಬ್ಬು, ಮತ್ತೆ ಕೂರುವುದಿಲ್ಲ ಎಂದ. ಹೊಸದರ ಬೆಲೆ ಕೇಳಿ ಬೊರ್ಲೆ ಮೈದುನರ ಬಾಗಿಲಿಗೆ ಹೋದಳು. ಮೈದುನರು ತಮಗೇ ಇಲ್ಲ ಎಂದು ಕೈ ಕೊಡವಿದರು. ವಠಾರದಲ್ಲಿ ದಿನವೂ ರೊಕ್ಕ ನೋಡುವವಳು ಒಬ್ಬಳೇ.

ಮೂರನೆಯ ಮಳೆಯಲ್ಲಿ ಗೋಡೆಯ ಮೂಲೆ ಕುಸಿಯುವವರೆಗೆ ಅಮಾನುವಾ ಬಾಯಿ ಬಿಡಲಿಲ್ಲ. ಆಮೇಲೆ ಬಂದು ಬಾಗಿಲಲ್ಲಿ ನಿಂತಳು.

"ತಗಡು, ಮರ, ಬಡಗಿ ಕೂಲಿ ಎಲ್ಲಾ ನಾನು ಹಾಕ್ತೀನಿ ಆಂಟಿ. ಬಾಡಿಗೇಲಿ ಮುರ್ಕೊಳಿ. ಹಳೇ ಬಾಡಿಗೇಲಿ."

ಹಳೆಯ ಬಾಡಿಗೆಯಲ್ಲಿ ಮುರಿದುಕೊಂಡರೆ, ಇದ್ದ ಅವಧಿಯ ಮೇಲೆ ಅವಳು ಇನ್ನೂ ಮೂರು ವರ್ಷ ಅಲ್ಲೇ.

ಬೊರ್ಲೆ ಬಾಯಿಗೆ ಬಂದಂತೆ ಬೈದಳು. ನೀನು ಹಾವು, ನಿನ್ನ ಹಂಡೆ ಒಡೆಯಲಿ, ನಿನ್ನ ಹಿಟ್ಟಿಗೆ ಹುಳ ಬೀಳಲಿ ಎಂದಳು. ಅಮಾನುವಾ ಎಲ್ಲವನ್ನೂ ಕೇಳಿಸಿಕೊಂಡು, ಬರೆಸಿ ತಂದಿದ್ದ ಕರಾರಿನ ಕಾಗದ ಮುಂದೆ ಹಿಡಿದಳು. ಬೊರ್ಲೆಯ ಬೆನ್ನ ಹಿಂದೆ ಇನ್ನೊಂದು ಹೆಂಟೆ ಕಳಚಿ ದಿಂಬಿನ ಮೇಲೆ ಬಿತ್ತು. ಇಬ್ಬರು ಮೈದುನರ ಸಾಕ್ಷಿಯಲ್ಲಿ ಅವಳು ಹೆಬ್ಬೆಟ್ಟು ಒತ್ತಿದಳು.

ಅಮಾನುವಾ ಕಾಗದ ಮಡಿಸಿ ರವಿಕೆಯೊಳಗೆ ಸೇರಿಸಿದಳು. ಹೊರಡುವ ಮೊದಲು ಮುದುಕಿಯ ಎದೆಯ ಕೆಮ್ಮನ್ನು ಒಂದು ಗಳಿಗೆ ಗಮನವಿಟ್ಟು ಕೇಳಿದಳು.

"ನಾಳೆಯಿಂದ ಒಲೆ ಮತ್ತೆ ಅಂಗಳಕ್ಕೆ ಹಾಕ್ತೀನಿ," ಎಂದಳು. "ಔಷಧಿ ತಗೊಳಿ, ಗಟ್ಟಿಯಾಗಿರಿ ಆಂಟಿ. ನೀವು ಹೋದ್ರೆ ನಿಮ್ ಮಗ ಬಂದು ಬಾಡಿಗೆ ಏರಿಸ್ತಾನೆ."