ಅತ್ತೆಯ ಮಣಿಕಟ್ಟು

ನಮ್ಮ ಅತ್ತೆ ಹೊಲಿಗೆಯವರು. ಬೆಳಗಾದರೆ ಅವರ ಮೆಷಿನ್ನಿನ ಸದ್ದಿಗೇ ಮನೆಯೆಲ್ಲ ಏಳುತ್ತಿತ್ತು. ಬಸ್ ಡ್ರೈವರ್ ಆಗಿ ನಿವೃತ್ತರಾಗಿದ್ದ ಮಾವ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಲು ಹೆಣಗುವರು. "ಬಸ್ಸಾಗಿದ್ರೆ ಒಂದೇ ಸಲಕ್ಕೆ ತೂರಿಸ್ತಿದ್ರಿ, ಅಲ್ವಾ?" ಎಂದು ಅತ್ತೆ ರೇಗಿಸುವರು.

ಎರಡೂ ಮಣಿಕಟ್ಟುಗಳ ಕೀಲು ಸವೆದು ಅತ್ತೆ ನರಳತೊಡಗಿದಾಗ ಆಸ್ಪತ್ರೆಗೆ ಹೋದೆವು. ಡಾಕ್ಟರು ಮಾವನನ್ನೂ ನನ್ನನ್ನೂ ಮಾತ್ರ ಒಳಗೆ ಕರೆದರು. ಆಪರೇಷನ್ ಮಾಡಿ ಮೂಳೆ ಕೂಡಿಸಿದರೆ ನೋವು ಹೋಗುತ್ತದೆ, ಆದರೆ ಮಣಿಕಟ್ಟು ಮತ್ತೆಂದೂ ಬಾಗುವುದಿಲ್ಲ; ಇಂಜೆಕ್ಷನ್ ಆದರೆ ಕೈ ಆಡುತ್ತದೆ, ನೋವು ಪೂರ್ತಿ ಹೋಗದು ಎಂದರು. ಅತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

"ಅತ್ತೇನ ಒಂದ್ಮಾತು ಕೇಳೋಣ ಮಾವ," ಎಂದೆ.

"ಅವಳಿಗ್ಯಾಕಮ್ಮ ಈ ತಲೆಬಿಸಿ? ಸುಮ್ನೆ ಹೆದರ್ಕೊಳ್ತಾಳೆ. ಇಂಥದ್ದೆಲ್ಲ ಗಂಡಸರೇ ನೋಡ್ಕೊಳ್ಳೋದು," ಎಂದು ಮಾವ ಬಲಗೈಯ ಆಪರೇಷನ್ನಿಗೆ ಸಹಿ ಹಾಕಿಬಿಟ್ಟರು. ಡಾಕ್ಟರು ಕಾಗದವನ್ನು ಫೈಲಿಗೆ ಸೇರಿಸಿದರು. ನಾನೂ ತಡೆಯಲಿಲ್ಲ. ಈ ರೂಢಿ ನಮ್ಮೊಬ್ಬರ ಮನೆಯದಲ್ಲ. ಆದರೆ ಆ ದಿನದ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಪ್ಲಾಸ್ಟರ್ ಬಿಚ್ಚಿ ಕೆಲವು ದಿನಗಳಾದ ಮೇಲೆ ಅತ್ತೆ ಕತ್ತರಿ ಹಿಡಿದರು. ರವಿಕೆಯ ಕುತ್ತಿಗೆಯ ದುಂಡು ಬಂದಲ್ಲಿ ಕೈ ತಿರುಗಲಿಲ್ಲ. ಬಟ್ಟೆ ಹಾಳಾಯಿತು.

"ಇದು ಯಾವಾಗ ಸಡಿಲ ಆಗುತ್ತೆ ರೀ?"

ಮಾವ ತಲೆ ತಗ್ಗಿಸಿದರು. "ಆಗಲ್ಲ ಕಣೆ. ನಿನಗೆ ನೋವಿರಬಾರ್ದು ಅಂತ..."

"ನಿಮಗೆ ಗೊತ್ತಿತ್ತಾ?" ಅಷ್ಟೇ ಕೇಳಿ ಅತ್ತೆ ಮೆಷಿನ್ನಿಗೆ ಹೊದಿಕೆ ಹಾಕಿದರು. ನಲವತ್ತು ವರ್ಷ ಹರಟುತ್ತಲೇ ಬಾಳಿದ ಆ ಇಬ್ಬರ ನಡುವೆ ಊಟದ ಹೊತ್ತಿನಲ್ಲೂ ಮಾತಿಲ್ಲದಾಯಿತು.

ಎಡಗೈಯ ಸರದಿ ಬಂದಾಗ ನಾನು ಅತ್ತೆಯನ್ನು ಒಳಗೇ ಕರೆದೊಯ್ದೆ. ಡಾಕ್ಟರು ವಾಡಿಕೆಯಂತೆ ಕಾಗದವನ್ನು ಮಾವನತ್ತ ಸರಿಸಿದರು.

"ಡಾಕ್ಟ್ರೇ, ಕೈ ಅತ್ತೇದು. ಅವರಿಗೇ ಹೇಳಿ, ಅವರನ್ನೇ ಕೇಳಿ," ಎಂದೆ.

ಮಾವ ಸಿಡುಕಿದರು. "ನನಗಿಂತ ಅವಳ ಒಳ್ಳೇದು ಬಯಸೋರು ಯಾರಮ್ಮ?"

"ಯಾರೂ ಇಲ್ಲ ಮಾವ. ಆದ್ರೆ ಆ ಕೈ ಇಟ್ಕೊಂಡು ಬದುಕೋದು ಅವರು."

ಡಾಕ್ಟರು ಕುರ್ಚಿಯನ್ನು ಅತ್ತೆಯ ಕಡೆ ತಿರುಗಿಸಿ ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಹೇಳಿದರು. ಬಟ್ಟೆ ಒತ್ತಿ ಹಿಡಿಯಲಾದೀತೇ, ನೋವು ಎಷ್ಟಿದ್ದೀತು, ಮುಂದೆ ಮನಸ್ಸು ಬದಲಾದರೆ ಆಪರೇಷನ್ ಮಾಡಬಹುದೇ ಎಂದು ಅತ್ತೆ ಒಂದೊಂದಾಗಿ ಕೇಳಿದರು. ಮಾಡಬಹುದು ಎಂದರು ಡಾಕ್ಟರು.

"ಹಾಗಾದ್ರೆ ಈಗ ಬೇಡ. ಇಂಜೆಕ್ಷನ್ ಕೊಡಿ. ನೋಯ್ಲಿ, ಆಡ್ತಾ ಇರ್ಲಿ."

ಮಾವನ ಕಣ್ಣು ತುಂಬಿತು. "ತಡೆಯಕ್ಕಾಗದೆ ಹೋದ್ರೆ ನನಗೆ ಹೇಳ್ತೀಯಾ ಕಣೆ?"

"ಹೇಳ್ತೀನಿ," ಎಂದರು ಅತ್ತೆ, ಎಷ್ಟೋ ದಿನಗಳ ಮೇಲೆ ಅವರ ಮುಖ ನೋಡಿ. "ನೀವು ಕೇಳ್ಬೇಕು, ಅಷ್ಟೆ."