ಗೌಡರು ಬಿಟ್ಟ ಸಾಲು

ಚಿರ್ ಎಂದಿತು. ನಡುರಾತ್ರಿ, ಪಡಸಾಲೆಯಲ್ಲಿ, ಅರಗು ದೀಪದ ಉರಿಗೆ ತಾಗಿ ಕರಗುವ ಸದ್ದು. ಅದರ ಹಿಂದೆಯೇ ಮುದ್ರೆಯ ಸಿಕ್ಕಾ ಒತ್ತಿದ ಮೆತ್ತನೆಯ ಇನ್ನೊಂದು ಸದ್ದು.

ನಮ್ಮ ಮಾವ ಗುರುಲಿಂಗಪ್ಪಗೌಡರು ಊರಿನ ಪೊಲೀಸ್ ಪಾಟೀಲರು. ಸರ್ಕಾರಿ ಲಕೋಟೆಗೆ ಅರಗು ಹಾಕುವುದಾದರೆ ಹಗಲಿನಲ್ಲಿ, ಕಟ್ಟೆಯ ಮೇಲೆ, ನಾಲ್ಕು ಜನ ನೋಡುವಂತೆ ಹಾಕುವವರು. ಈ ಮನೆಗೆ ಬಂದ ಏಳು ವರ್ಷಗಳಲ್ಲಿ ರಾತ್ರಿ ಆ ಸದ್ದನ್ನು ನಾನು ಕೇಳಿರಲಿಲ್ಲ. ಎದ್ದು ಕುಳಿತೆ. ಬೆಳಿಗ್ಗೆ ತಳವಾರ ಧೂಳಪ್ಪ ಜತ್ತದ ಕಚೇರಿಗೆ ಒಯ್ಯಬೇಕಾಗಿದ್ದ ಲಕೋಟೆಗಳು ಎರಡೇ. ಪೊಲೀಸ್ ಭರ್ತಿಗೆ ನಿಂತ ನಮ್ಮೂರಿನ ಇಬ್ಬರ ನಡತೆಯ ವರದಿ ಅವು. ಒಬ್ಬ ನನ್ನ ಮೈದುನ ಶ್ರೀಶೈಲಪ್ಪ. ಇನ್ನೊಬ್ಬ ಕುರುಬರ ಅಮೋಗಸಿದ್ದ.

ನಾಲ್ಕು ತಿಂಗಳಿಂದ ಇಬ್ಬರಿಗೂ ಪಾಠ ಹೇಳಿದವಳು ನಾನು. ಸಾಂಗ್ಲಿಯ ಕಾಲೇಜಿನಲ್ಲಿ ಎರಡು ವರ್ಷ ಓದಿದ ಸೊಸೆ ಮನೆಯಲ್ಲೇ ಇರುವಾಗ ಬೇರೆ ಮಾಸ್ತರರು ಯಾಕೆ ಎಂದು ಮಾವನವರ ಲೆಕ್ಕ. ಮಹಾರಾಷ್ಟ್ರ ಸರ್ಕಾರದ ಪರೀಕ್ಷೆಗೆ ಬೇಕಾದ ಮರಾಠಿ ಶುದ್ಧಲೇಖನ, ಗಣಿತ, ಮಿರಜಿನಲ್ಲಿ ನೌಕರಿಯಲ್ಲಿರುವ ನನ್ನ ಗಂಡ ತಂದುಕೊಟ್ಟ ಕಾಯದೆಯ ಪುಸ್ತಕ. ಅಮೋಗಸಿದ್ದನನ್ನು ಕಟ್ಟೆಗೆ ಬಿಟ್ಟುಕೊಂಡವರೂ ಮಾವನವರೇ. ಧರ್ಮಕ್ಕಲ್ಲ. "ಅವನ ಕೂಡ ಓಡಿದ್ರ ನಮ್ಮ ಹುಡುಗನ ಕಾಲು ಸಡಲ ಆಗ್ತಾವ" ಎಂದಿದ್ದರು. ಹೋರಿಯನ್ನು ಪಳಗಿಸಲು ಪಕ್ಕದಲ್ಲಿ ಹಳೇ ಎತ್ತು ಹೂಡಿದ ಹಾಗೆ.

ಬೆಳುಂಕಿಯ ದಾರಿಯಲ್ಲಿರುವ ಬೇವಿನ ಮರ ಮುಟ್ಟಿ ತಿರುಗಿದರೆ ಒಂದು ಮೈಲು. ಅಮೋಗಸಿದ್ದ ಹೋಗಿ ಬಂದು, ಮುಖ ತೊಳೆದು, ಪಾಟಿ ಒರೆಸಿಕೊಂಡು ಕುಳಿತಿರುತ್ತಿದ್ದ.

"ಎಲ್ಲಿ ಅದಾರೊ ನಮ್ಮ ಫೌಜದಾರ್ರು?" ಎಂದು ನಾನು ಕೇಳುವುದು.

"ಬರಾಕತ್ತಾರ್ರಿ ಬಾಯಾರ. ಕುಂಟ ಟಗರ ಹಿಂಡಿನ ಹಿಂದ ಬರ್ತದ. ಬರೂದಂತೂ ಖರೆ."

"ಕುಂಟ ಟಗರ ನಿಮ್ಮಪ್ಪ!" ಶ್ರೀಶೈಲಪ್ಪ ಏದುಸಿರು ಬಿಡುತ್ತಲೇ ಬಯ್ಯುವನು. "ವೈನಿ, ಮೊದಲ ಈ ಮಗಗ ಶುದ್ಧಲೇಖನ ಹಾಕ್ರಿ. ಅಲ್ಲಿ ಮುರೀತಾವ ಇವನ ಕಾಲು."

ಮೊದಲ ಎರಡು ತಿಂಗಳು ಮುರಿದವು ನಿಜ. ಆಮೇಲೆ ಮುರಿಯಲಿಲ್ಲ. ಕಡೆಗೆ ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ ಬರೆದುಕೊಟ್ಟೆ. ಅಮೋಗಸಿದ್ದ ಬಹಳ ಮುಂದೆ ಬಂದ. ಅಂಕಗಳನ್ನು ನಾನೇ ಓದಿ ಹೇಳಿದೆ, ಹೆಮ್ಮೆಯಿಂದ, ಮಾವನವರಿಗೂ ಕೇಳುವಂತೆ. ಅಷ್ಟು ಗಟ್ಟಿಯಾಗಿ ಓದಬಾರದಿತ್ತು. ಈ ಸಲ ಒಂದು ಊರಿಗೆ ಒಬ್ಬನನ್ನೇ ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿ ಆಗಲೇ ಜತ್ತದ ಸಂತೆಯಿಂದ ಬಂದಿತ್ತು.

ನಾಲ್ಕನೇ ದಿನ ಮಾವನವರು ಅಮೋಗಸಿದ್ದನನ್ನು ಕರೆಸಿದರು.

"ನಡತಿ ವರದಿ ಬರೀಬೇಕಪ್ಪ. ಖರೆ ಬರೀಬೇಕು. ಭಂಡಾರ ಮುಟ್ಟಿ ಹೇಳು, ನಿನ್ನ ಕುರಿ ಯಾವಾಗರೆ ರಾತ್ರಿ ನನ್ನ ಹೊಲಕ್ಕ ಇಳದಾವೇನು?"

ದೇವರ ಅರಿಸಿನದ ಪುಡಿ ಭಂಡಾರ. ಅದನ್ನು ಮುಟ್ಟಿದ ಕುರುಬ ಕೇಳಿದ್ದಕ್ಕೆ ಉತ್ತರ ಹೇಳುತ್ತಾನೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

"ಇಳದಾವ್ರಿ ಗೌಡ್ರ. ಹ್ವಾದ ವರ್ಷ, ಮೂರು ರಾತ್ರಿ."

"ಮೇದಾವೇನು?"

"ಮೇದಾವ್ರಿ."

"ಯವ್ವಾ, ಇದನ್ನ ಚಲೋ ಮರಾಠಿಯೊಳಗ ಬರಿ," ಎಂದು ಅವರು ನನ್ನ ಕಡೆ ಕಾಗದ ಸರಿಸಿದರು. "ಕೆಳಗ ಜಾಗಾ ಬಿಡು. ಉಳಿದದ್ದು ನಾ ಬರೀತೇನಿ."

ಬರೆದೆ. ಉಳಿದದ್ದು ಏನೆಂದು ಊರಿಗೇ ಗೊತ್ತಿತ್ತು. ಗೊಬ್ಬರಕ್ಕೆಂದು ಆ ಕುರಿಗಳನ್ನು ಹೊಲದಲ್ಲಿ ನಿಲ್ಲಿಸಲು ಹೇಳಿ ಕಳಿಸಿದವರು ಮಾವನವರೇ. ಅದಕ್ಕೆ ಕೂಲಿಯೆಂದು ಜೋಳ ಅಳೆದು ಅಮೋಗಸಿದ್ದನ ಕಂಬಳಿಗೆ ಸುರಿದವಳು ನಾನೇ.

ಈಗ ಈ ನಡುರಾತ್ರಿಯ ಅರಗು.

ಬೆಳಗಿನ ಜಾವ ಮಾವನವರು ಸ್ನಾನ ಮಾಡಿ ದೇವರ ಕೋಣೆಯಲ್ಲಿ ಪೂಜೆಗೆ ಕುಳಿತರು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ಪೂಜೆ ಮುಗಿಯುವವರೆಗೆ ಅವರು ಏಳುವುದಿಲ್ಲ, ಮಾತಾಡುವುದಿಲ್ಲ. ಹಿತ್ತಲ ಬಣವೆಗೆ ಬೆಂಕಿ ಬಿದ್ದ ದಿನವೂ ಎದ್ದಿರಲಿಲ್ಲ. ನಾನು ಗೋಡೆಯ ಗೂಡಿನಿಂದ ಅಮೋಗಸಿದ್ದನ ಲಕೋಟೆ ತೆಗೆದುಕೊಂಡು ಒಲೆಯ ಮುಂದೆ ಹೋದೆ. ಚಾಕು ಕಾಯಿಸಿ ಅರಗು ಎಬ್ಬಿಸಿದೆ.

ಒಂದು ಅಕ್ಷರವನ್ನೂ ಸೇರಿಸಿರಲಿಲ್ಲ ಅವರು. ನಾನು ಬಿಟ್ಟ ಜಾಗ ಹಾಗೇ ಖಾಲಿ. ಅದರ ಕೆಳಗೆ ಸಹಿ. 'ಸದರ ಇಸಮ ಅಮೋಗಸಿದ್ದನು ಮೂರು ರಾತ್ರಿ ನನ್ನ ಹೊಲದಲ್ಲಿ ಕುರಿ ಇಳಿಸಿ ಮೇಯಿಸಿದ್ದನ್ನು ತಾನೇ ಪ್ರಮಾಣ ಮಾಡಿ ಒಪ್ಪಿಕೊಂಡಿದ್ದಾನೆ.' ಒಂದು ಮಾತೂ ಸುಳ್ಳಲ್ಲ. ಎಲ್ಲವೂ ನನ್ನ ಅಕ್ಷರ, ನನ್ನ ಶುದ್ಧ ಮರಾಠಿ. ನಾಲ್ಕು ತಿಂಗಳು ಅವನಿಗೆ ಹ್ರಸ್ವ ದೀರ್ಘ ತಿದ್ದಿದ ಕೈಯಿಂದಲೇ ಅವನನ್ನು ಕಳ್ಳನೆಂದು ಬರೆಸಿಕೊಂಡಿದ್ದರು. ಅಂಜುವುದು ನನಗೆ ರೂಢಿ. ಇದು ಅಂಜಿಕೆಯಲ್ಲ. ಆ ಕಾಗದವನ್ನು ಒಲೆಗೆ ತುರುಕಿ, ದೇವರ ಕೋಣೆಯ ಬಾಗಿಲಲ್ಲಿ ನಿಂತು, ಯಾರ ಮುಂದೆ ಕುಳಿತಿದ್ದೀರಿ ನೀವು ಎಂದು ಚೀರಬೇಕೆನಿಸಿತು.

ಚೀರಲಿಲ್ಲ. ಅದೇ ದೌತಿ, ಅದೇ ಲೇಖಣಿ, ಅದೇ ಸಿಕ್ಕಾ ತಂದೆ. ಖಾಲಿ ಜಾಗದಲ್ಲಿ ಬರೆದೆ: 'ಸದರ ಕುರಿಗಳನ್ನು ಗೊಬ್ಬರದ ಸಲುವಾಗಿ ನಾನೇ ಕರೆಸಿ ನಿಲ್ಲಿಸಿಕೊಂಡಿದ್ದು, ಅದಕ್ಕೆ ಜೋಳವನ್ನೂ ಕೊಟ್ಟಿದ್ದೇನೆ.' ನಡತೆ ಒಳ್ಳೆಯದು ಎಂದು ಇನ್ನೊಂದು ಸಾಲು ಹಾಕಲು ಕೈ ತವಕಿಸಿತು. ಹಾಕಲಿಲ್ಲ. ಮಾವನವರು ಅದನ್ನು ಎಂದೂ ಹೇಳಿರಲಿಲ್ಲ. ಜೋಳ ಮಾತ್ರ ಕೊಟ್ಟಿದ್ದರು.

ಅರಗು ಉರಿಗೆ ಹಿಡಿದೆ. ಚಿರ್ ಎಂದಿತು.

ಒಳಗಿನ ಮಂತ್ರ ನಿಂತಿತು. "ಹ್ಞೂಂ?" ಎಂದರು ಮಾವನವರು, ಬಾಯಿ ತೆರೆಯದೆ. ಮತ್ತೆ, ಜೋರಾಗಿ, "ಹ್ಞೂಂ?"

"ಹಾಲು ಉಕ್ಕಿತ್ರಿ ಮಾವಾರ," ಎಂದು ಸಿಕ್ಕಾ ಒತ್ತಿದೆ.

ಸ್ವಲ್ಪ ಹೊತ್ತಿಗೆ ಮಂತ್ರ ಮತ್ತೆ ಶುರುವಾಯಿತು. ಧೂಳಪ್ಪ ಬಾಗಿಲಿಗೆ ಬಂದಾಗ ಎರಡೂ ಲಕೋಟೆ ಅವನ ಕೈಗಿಟ್ಟೆ.

"ಏನ್ರಿ ಬಾಯಾರ, ಒಂದು ಬೆಚ್ಚಗ ಐತಿ!"

"ಒಲಿ ಕಡಿ ಇಟ್ಟಿದ್ದೆ. ಲಗೂನ ನಡಿ, ಮೋಟಾರ ತಪ್ಪತದ."

ತಿಂಗಳಾದ ಮೇಲೆ ಭರ್ತಿ ಮುಗಿಸಿ ಸಾಂಗ್ಲಿಯಿಂದ ಇಬ್ಬರೂ ತಿರುಗಿ ಬಂದರು. ಶ್ರೀಶೈಲಪ್ಪ ಎದೆಯ ಅಳತೆಯಲ್ಲೇ ನಪಾಸಾಗಿದ್ದ. "ನನಗ ಎದಿನ ಇಲ್ಲಂತ್ರಿ ವೈನಿ," ಎಂದು ನಗುತ್ತಾ ಊಟಕ್ಕೆ ಕುಳಿತ. ಅಮೋಗಸಿದ್ದ ಆಯ್ಕೆಯಾಗಿದ್ದ. ಸಂಜೆ ಬಂದು ಕಟ್ಟೆಯ ಮೇಲೆ ಕುಳಿತಿದ್ದ ಮಾವನವರ ಕಾಲಿಗೆ ಬಿದ್ದ.

"ಸಾಹೇಬ್ರು ನಿಮ್ಮ ವರದಿ ಓದಿ ನಕ್ರಿ ಗೌಡ್ರ. ಕುರಿ ಇಳದದ್ದೂ ಬರದಾರ, ತಾವ ಕರಿಸಿದ್ದೂ ಬರದಾರ, ಜ್ವಾಳ ಕೊಟ್ಟದ್ದೂ ಬರದಾರ, ಇಂಥಾ ಖರೆ ಪಾಟೀಲ್ರನ್ನ ನಾ ನೋಡೇ ಇಲ್ಲ ಅಂದ್ರು."

ಆಶೀರ್ವಾದಕ್ಕೆ ಎತ್ತಿದ್ದ ಕೈ ನಡುವೆಯೇ ನಿಂತಿತು. ಮಾವನವರು ಬಾಗಿಲಲ್ಲಿದ್ದ ನನ್ನ ಕಡೆ ನೋಡಿದರು.

"ಹಾಲು," ಎಂದರು.

"ಹೌದ್ರಿ. ಉಕ್ಕಿತ್ತು."

ಸೊಸೆ ಸೇರಿಸಿದ್ದೇನು ಎಂದು ಹೇಳಬೇಕಾದರೆ ತಾವು ಬಿಟ್ಟದ್ದೇನು ಎಂದೂ ಹೇಳಬೇಕಾಗುತ್ತಿತ್ತು. ಕೈಯನ್ನು ಅವನ ತಲೆಯ ಮೇಲೆ ಇಳಿಸಿ, ಎದ್ದು ಒಳಗೆ ಹೋದರು.

ಅಮೋಗಸಿದ್ದ ಕಣ್ಣೊರೆಸಿಕೊಂಡ. "ಗೌಡ್ರು ನನ್ನ ಸಂಬಂಧ ಇಷ್ಟು ಮಾಡ್ಯಾರಂತ ಗೊತ್ತ ಇರಲಿಲ್ರಿ. ದೇವ್ರಂಥಾವ್ರು. ಬಾಯಾರ, ನೀವೇನರೆ ಅವ್ರಿಗೆ ಹೇಳಿದ್ರೇನು?"

ದೇವರಂಥವರು! ನಾಲಿಗೆಯ ತುದಿಗೆ ಎಲ್ಲ ಬಂತು, ಆ ಖಾಲಿ ಜಾಗ, ಆ ಸಹಿ, ಆ ರಾತ್ರಿಯ ಸದ್ದು. ಅವನ ಮುಖ ನೋಡಿದೆ. ನಾಳೆ ಯಾರಾದರೂ ಸಾಹೇಬರು ಭಂಡಾರ ಮುಟ್ಟಿಸಿ ಕೇಳಿದರೆ ಇವನು ಹೇಳಿಬಿಡುತ್ತಾನೆ. ಸಾಹೇಬರು ಕೇಳುವವರೆಗೆ ಕಾಯುವುದೂ ಇಲ್ಲ. ತಿದ್ದಿದ ವರದಿಯ ನೌಕರಿ ಬೇಡವೆಂದು ಈಗಲೇ ನಡೆದು ಹೋಗಿ, ನೌಕರಿ ಕಾಗದವನ್ನು ಅವರ ಮೇಜಿನ ಮೇಲಿಟ್ಟು ಬರುತ್ತಾನೆ.

"ಇಲ್ಲಪ್ಪ," ಎಂದೆ. "ನಾ ಏನೂ ಹೇಳಿಲ್ಲ."

ಮಿರಜಿಗೆ ಗಂಡನಿಗೆ ಬರೆಯಲು ಕುಳಿತ ಕಾಗದದಲ್ಲಿ ಅಮೋಗಸಿದ್ದ ಪಾಸಾದದ್ದನ್ನು ಬರೆದೆ, ಶ್ರೀಶೈಲಪ್ಪನ ಎದೆಯ ಅಳತೆ ಬರೆದೆ. ಕೆಳಗೆ ಜಾಗ ಉಳಿದಿತ್ತು. ಅದನ್ನು ಹಾಗೇ ಬಿಟ್ಟು, ಮಡಚಿ, ಅಂಟಿಸಿದೆ. ಅವರಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ.